ಎಸ್‌.ಪಿ. ರಸ್ತೆಯ ಆ ಅಂಗಡಿಯವರಿಗೆ ಧನ್ಯವಾದ

ಕಳೆದ ಶನಿವಾರ ರಾತ್ರಿ, ಸೋಮವಾರದ ವಿಜ್ಞಾನ ಪ್ರದರ್ಶನಕ್ಕೆಂದು ಮಗಳು ರಟ್ಟಿನಲ್ಲಿ ಕಟ್ಟಿದ್ದ ದೀಪಸ್ತಂಭದ ಎಲ್‌ಇಡಿ ಪ್ರತಿ ಬಾರಿಯೂ ಏಕೆ ಸುಟ್ಟುಹೋಗುತ್ತಿದೆ ಎಂದು ತಿಳಿಯದೆ, ನಾವು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಿ ಅಲೆಯುತ್ತಿದ್ದೆವು. ಅರ್ಧ ಇಳಿಸಿದ್ದ ಷಟರನ್ನು ಮತ್ತೆ ಮೇಲೆತ್ತಿದ ತಾವು ನನ್ನನ್ನಲ್ಲ, ಅವಳನ್ನೇ ಮಾತಾಡಿಸಿದಿರಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, 9 ವೋಲ್ಟ್ ಬ್ಯಾಟರಿಯಲ್ಲಿ ಉಳಿಯುವ 7 ವೋಲ್ಟನ್ನು ರೆಸಿಸ್ಟರ್ (ವಿದ್ಯುತ್ ಹರಿವನ್ನು ಮಿತಿಗೊಳಿಸುವ ಪುಟ್ಟ ಬಿಡಿಭಾಗ) ಹೊರಬೇಕು ಎಂದು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದು, ರೆಸಿಸ್ಟರಿನ ಬೆಲೆ ಸೂಚಿಸುವ ಹಳದಿ, ನೇರಳೆ, ಕಂದು ಪಟ್ಟೆಗಳನ್ನು ಅವಳಿಂದಲೇ ಓದಿಸಿ, 470 ಓಮ್ ಎಂಬ ಉತ್ತರವನ್ನೂ ಅವಳ ಬಾಯಿಂದಲೇ ಹೇಳಿಸಿದಿರಿ. ಎಲ್‌ಇಡಿಯ ಉದ್ದನೆಯ ಕಾಲು ಬ್ಯಾಟರಿಯ ಧನ (+) ತುದಿಯ ಕಡೆಗೆ ಎಂದಷ್ಟೇ ಸೂಚಿಸಿ, ಜೋಡಿಸುವ ಕೆಲಸವನ್ನು ಅವಳ ಕೈಗೇ ಬಿಟ್ಟಿರಿ (ಸಹಾಯಕ್ಕೆ ಚಾಚಿದ ನನ್ನ ಕೈಯನ್ನು ನಯವಾಗಿ ತಡೆದದ್ದೂ ನೆನಪಿದೆ). ದೀಪ ಬೆಳಗಿ, ಆರದೆ ನಿಂತಾಗ ನನಗೆ ಉಸಿರು ಬಂದಂತಾಯಿತು. ಹೆಸರು ಕೇಳಲಾಗಲಿಲ್ಲ. ಹಣ ಬೇಡವೆಂದು ತಾವು ಕಾಗದದಲ್ಲಿ ಮಡಚಿಕೊಟ್ಟ ಇನ್ನಷ್ಟು ರೆಸಿಸ್ಟರುಗಳಿಂದ ಅವಳು ಈಗ ಸಂಚಾರ ದೀಪ ಕಟ್ಟುತ್ತಿದ್ದಾಳೆ.