ಅತ್ತೆಯ ಟ್ರಂಕು ಹೊತ್ತು ತಂದವರಿಗೆ

ಅತ್ತೆಯ ಟ್ರಂಕಿನಲ್ಲಿದ್ದ ಹಳೇ ನಕ್ಷೆಗಳಲ್ಲಿ ಕೊನೆಯ ಹಾಳೆಯ ಸ್ಕ್ಯಾನ್ ಹೋದ ಭಾನುವಾರ ಮುಗಿಯಿತು. ಥ್ಯಾಂಕ್ಸ್ ಹೇಳೋದು ಬಾಕಿ ಇದೆ.

ನನ್ನ ಅತ್ತೆ 1950–60ರ ದಶಕದಲ್ಲಿ ಇಂಟೀರಿಯರ್ ಡಿಸೈನರ್. ಆಗ ನಮ್ಮ ಕಡೆ ಆ ಕೆಲಸಕ್ಕೆ ಹೆಸರೇ ಇರಲಿಲ್ಲ. ‘ಮೇಜು-ಕುರ್ಚಿ ಅಕ್ಕ’ ಅನ್ನುತ್ತಿದ್ದರು.

2018ರ ಆಗಸ್ಟ್ ಮಳೆಗೆ ಮಡಿಕೇರಿ ಪಕ್ಕದ ನಮ್ಮ ಮನೆಯ ಹಿಂದಿನ ಬರೆ (ಗುಡ್ಡದ ಇಳಿಜಾರು) ಕುಸಿಯಿತು. ಜನ ಮನೆಯನ್ನೇ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿದ್ದಾಗ, ಹಳೇ ನಕ್ಷೆ ಉಳಿಸಿಕೊಡಿ ಅಂತ ಕೇಳಲು ನಾಚಿಕೆ. ಕೇಳಲಿಲ್ಲ. ಆದರೂ ಪಕ್ಕದ ತೋಟದ ಇಬ್ಬರು ಹುಡುಗರು ಕೆಸರಿನಿಂದ ಟ್ರಂಕು ಎಳೆದು ಹೊತ್ತು ತಂದರು. ಒಳಗೆ ಜಮೀನಿನ ಪತ್ರ ಇರಬಹುದು ಅಂದುಕೊಂಡಿದ್ದರಂತೆ. ಅಲ್ಲ ಅಂತ ಗೊತ್ತಾದ ಮೇಲೂ ಬೈಯಲಿಲ್ಲ!

ಬಿಸಿಲು ಬಂದರೆ ಕಾಫಿ ಕಣದಲ್ಲಿ ಹರಡೋಣ ಅಂದೆ. ಡ್ರಾಯಿಂಗ್ ಮೇಷ್ಟ್ರು ಫೋನಿನಲ್ಲೇ ಗದರಿದರು. ಬಿಸಿಲಿಗೆ ಅಮೋನಿಯಾ ಪ್ರಿಂಟ್ (ಅಮೋನಿಯಾದಲ್ಲಿ ತೆಗೆದ ನಕ್ಷೆಯ ಪ್ರತಿ) ಮಾಸುತ್ತದೆ, ಟ್ರೇಸಿಂಗ್ ಕಾಗದ ಹಪ್ಪಳದ ಹಾಗೆ ಮುದುರುತ್ತದೆ. ಕೊನೆಗೆ ಐನ್‌ಮನೆಯ (ಕುಟುಂಬದ ಹಿರಿಮನೆಯ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕಂಬಗಳ ನಡುವಿನ ಹಲಗೆ ಐಮರದ ಮೇಲೆ ಪಂಚೆ ಹಾಸಿ, ನೆರಳಲ್ಲೇ ಒಣಗಿಸಿದೆವು.

ನನಗೆ ಜಾಸ್ತಿ ಇಷ್ಟವಾದ ಹಾಳೆ 1961ರದು. ತೋಟದ ಬಂಗಲೆಯ ಮಲಗುವ ಕೋಣೆ. ಪರದೆ ಬಟ್ಟೆಯ ಚೂರು, ಬೀಟೆಯ ತೆಳು ಚಕ್ಕೆ ನಕ್ಷೆಯ ಮೇಲೇ ಅಂಟಿಸಿದ್ದಾರೆ. ಬೀರು ಗೋಡೆಯಿಂದ 4 ಇಂಚು ಮುಂದೆ. ಬೀರುವಿನೊಳಗೆ ಬೆಚ್ಚಗಿರಲಿ ಅಂತ ಒಂದು ಬಲ್ಬು. ಪಕ್ಕದಲ್ಲಿ ಪೆನ್ಸಿಲಿನಲ್ಲಿ: ‘ಜೂನ್–ಸೆಪ್ಟೆಂಬರ್, ಬೂಷ್ಟು.’ ಕೊಡಗಿನ ಮಳೆಗಾಲ ಕಂಡವರೇ ಹೀಗೆ ಬರೆಯೋದು, ಅಲ್ವಾ?

ಹೀಗೆ ಬಟ್ಟೆ ಚೂರು ಅಂಟಿಸಿ ತೋರಿಸುವುದಕ್ಕೆ ಅಮೆರಿಕದ ಡಿಸೈನರ್ ಫ್ಲಾರೆನ್ಸ್ ನೋಲ್ ಹೆಸರಾಗಿದ್ದರು. ಅತ್ತೆ ಯಾವುದೋ ಮ್ಯಾಗಜಿನ್‌ನಲ್ಲಿ ನೋಡಿರಬೇಕು. ನೋಲ್ 1965ರಲ್ಲಿ ಕೆಲಸ ಬಿಟ್ಟರು, 2019ರಲ್ಲಿ 101ನೇ ವಯಸ್ಸಿಗೆ ತೀರಿಕೊಂಡರು. ತಮ್ಮ ಕಾಗದಗಳನ್ನೆಲ್ಲ ತಾವೇ ಜೋಡಿಸಿ ಸ್ಮಿತ್ಸೋನಿಯನ್‌ನ ಕಲಾ ದಾಖಲಾಗಾರಕ್ಕೆ ಕೊಟ್ಟಿದ್ದರು. ಅತ್ತೆಗೆ ಸಿಕ್ಕಿದ್ದು ಟ್ರಂಕು, ನುಸಿಗುಳಿಗೆ. ಒಂದು ಕಚೇರಿಯಲ್ಲಂತೂ ‘ಇದರಲ್ಲಿ ಏನಿದೆ ಮೇಡಂ’ ಅಂತ ವಾಪಸ್ ಕಳಿಸಿದ್ದರು. ಇರಲಿ.

ದೊಡ್ಡ ಹಾಳೆಗಳನ್ನು ಎರಡೆರಡು ತುಂಡಾಗಿ ಸ್ಕ್ಯಾನ್ ಮಾಡಿ ದುಡ್ಡೇ ತಗೊಳ್ಳದ ಸ್ಟುಡಿಯೋದವರಿಗೆ, ಕುರ್ಚಿ ತಲೆಕೆಳಗೆ ಮಾಡಿ ‘ಇದು ನಮ್ಮಪ್ಪ ಹಾಕಿದ ಗುರುತು’ ಅಂತ ನಕ್ಷೆಗೆ ಹೊಂದಿಸಿಕೊಟ್ಟ ಆಚಾರ್ರಿಗೆ, ಮೇಷ್ಟ್ರಿಗೆ, ಆ ಇಬ್ಬರು ಹುಡುಗರಿಗೆ ನಾನು ಋಣಿ.

ಮೂರು ಹಾಳೆ ಮಾತ್ರ ಒಂದಕ್ಕೊಂದು ಅಂಟಿಕೊಂಡೇ ಇವೆ. ಅಂಚಿನಲ್ಲಿ ಹಸಿರು ಬಟ್ಟೆಯ ಎಳೆಯೊಂದು ಕಾಣುತ್ತದೆ. ಬಿಡಿಸಲು ಇನ್ನೂ ಕೈ ಬಂದಿಲ್ಲ.