ಟೆಸ್ಟೋಸ್ಟೆರಾನ್ ಇಂಜೆಕ್ಷನ್‌ಗೆ ಮೊದಲು ಪಿಎಸ್ಎ ನೋಡಿಸಿ

ಮಾನ್ಯ ಸಂಪಾದಕರೇ,

ಹಾಸನದಲ್ಲಿ ಮೆಡಿಕಲ್ ಶಾಪ್ ನಡೆಸುವವನು ನಾನು. ಅರವತ್ತು ದಾಟಿದವರು ಮೊಬೈಲ್‌ನಲ್ಲಿ ಫೋಟೊ ತೋರಿಸಿ, ಸುಸ್ತು ಎಂದು ಹೇಳಿ ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಇಂಜೆಕ್ಷನ್ ಕೇಳುವುದು ಈಚೆಗೆ ಜಾಸ್ತಿಯಾಗಿದೆ. ಡಾಕ್ಟರ ಚೀಟಿ ಎಲ್ಲಿ ಎಂದರೆ ಮುಖ ಸಿಂಡರಿಸುತ್ತಾರೆ. ‘ಇದರಿಂದ ಪ್ರಾಸ್ಟೇಟ್ ಕ್ಯಾನ್ಸರ್ ಬರಲ್ಲ ಅಂತ ಅಮೆರಿಕದಲ್ಲೇ ಗೊತ್ತಾಗಿದೆಯಲ್ಲ ಸ್ವಾಮಿ’ ಎಂದು ನಿವೃತ್ತ ಮೇಷ್ಟ್ರೊಬ್ಬರು ವಾದಕ್ಕೇ ನಿಂತರು.

ಅವರ ಮಾತು ಪೂರ್ತಿ ಸುಳ್ಳಲ್ಲ. ಈ ಹಾರ್ಮೋನ್ ತಯಾರಿಸುವ ವೃಷಣ ತೆಗೆದರೆ, ಹರಡಿದ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್ ಹಿಡಿತಕ್ಕೆ ಬರುತ್ತದೆಂದು 1941ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿದರು. ಅಲ್ಲಿಂದ ಈ ಹಾರ್ಮೋನ್ ಕೊಡಲು ವೈದ್ಯರೂ ಹೆದರುತ್ತಿದ್ದರು. 2023ರಲ್ಲಿ ಪ್ರಕಟವಾದ ಅಮೆರಿಕದ ಟ್ರಾವರ್ಸ್ ಎಂಬ ಅಧ್ಯಯನ ಆ ಭಯವನ್ನು ಬಹಳಷ್ಟು ಇಳಿಸಿತು. 45ರಿಂದ 80 ವರ್ಷದ ಸುಮಾರು 5,200 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಟೆಸ್ಟೋಸ್ಟೆರಾನ್ ಜೆಲ್, ಉಳಿದವರಿಗೆ ಔಷಧಿಯಿಲ್ಲದ ಜೆಲ್ ಕೊಟ್ಟರು. ಉಗ್ರ ಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರ್ ಕಾಣಿಸಿದ್ದು ಮೊದಲ ಗುಂಪಿನಲ್ಲಿ 5 ಜನಕ್ಕೆ, ಎರಡನೆಯದರಲ್ಲಿ 3 ಜನಕ್ಕೆ. ದೊಡ್ಡ ವ್ಯತ್ಯಾಸವೇನಲ್ಲ.

ಆದರೆ ಆ ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಂಡಿದ್ದರು ಎಂದು ಯಾರೂ ಹೇಳುವುದಿಲ್ಲ. ಎರಡು ಸಲ ರಕ್ತ ನೋಡಿ, ಎರಡರಲ್ಲೂ ಟೆಸ್ಟೋಸ್ಟೆರಾನ್ ಡೆಸಿಲೀಟರ್‌ಗೆ 300 ನ್ಯಾನೊಗ್ರಾಂಗಿಂತ ಕಡಿಮೆ ಇದ್ದವರನ್ನು ಮಾತ್ರ. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್ಎ ಎಂಬ ರಕ್ತದ ಪ್ರೋಟೀನ್ ಮಿಲಿಲೀಟರ್‌ಗೆ 3 ನ್ಯಾನೊಗ್ರಾಂ ದಾಟಿದ್ದರೆ ಸೇರಿಸಿಕೊಳ್ಳಲೇ ಇಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರನ್ನೂ ಬಿಟ್ಟರು. ಹಾಗೆ ಸೋಸಿ ತೆಗೆದವರ ಫಲಿತಾಂಶ ಅದು. ಏನೂ ಪರೀಕ್ಷೆ ಮಾಡಿಸದೆ ನೇರ ಅಂಗಡಿಗೆ ಬರುವವರಿಗೆ ಅದು ಹೇಗೆ ಅನ್ವಯಿಸುತ್ತದೆ? ಅಧ್ಯಯನದಲ್ಲಿದ್ದವರನ್ನು ಗಮನಿಸಿದ್ದೂ ಸರಾಸರಿ ಮೂರು ವರ್ಷದೊಳಗೆ. ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಜೆಲ್ ಹಚ್ಚಿಕೊಂಡವರಲ್ಲಿ ಸ್ವಲ್ಪ ಹೆಚ್ಚೇ ಇತ್ತು.

ಪ್ರಾಸ್ಟೇಟ್ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಒಳಗೆ ಗೊತ್ತಾಗದೆ ಕ್ಯಾನ್ಸರ್ ಇರುವವರು ಹೊರಗಿನಿಂದ ಈ ಹಾರ್ಮೋನ್ ತುಂಬಿಕೊಂಡರೆ ಅಪಾಯ ಅಲ್ವಾ? ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವವರೂ, ಪ್ರಾಸ್ಟೇಟ್ ತೊಂದರೆ ಇರಬಹುದೆಂದು ಯೋಚಿಸದೆ, ವಯಸ್ಸಾಯಿತು ಎಂದು ಸುಮ್ನೆ ಇರುತ್ತಾರೆ. ಇನ್ನು ಸುಸ್ತಿಗೆ ಶುಗರ್, ಥೈರಾಯ್ಡ್ ಕೂಡ ಕಾರಣ ಇರಬಹುದು. ಮೊದಲು ಅದನ್ನು ನೋಡಬೇಕು.

ಪಿಎಸ್ಎ ಒಂದು ರಕ್ತಪರೀಕ್ಷೆ ಅಷ್ಟೆ. ಟೆಸ್ಟೋಸ್ಟೆರಾನ್ ಅಳೆಯಲು ಬೆಳಿಗ್ಗೆಯೇ ರಕ್ತ ಕೊಡಬೇಕು, ಹೊತ್ತೇರಿದಂತೆ ಅದು ಇಳಿಯುತ್ತದೆ. ಔಷಧ ಶುರುವಾದ ಮೇಲೂ ಪಿಎಸ್ಎ ಜೊತೆಗೆ ರಕ್ತ ಗಟ್ಟಿಯಾಗುತ್ತಿದೆಯೇ ಎಂದು ನೋಡಿಸುತ್ತಿರಬೇಕು.

ಇದು ಚೀಟಿ ಇಲ್ಲದೆ ಮಾರಬಾರದ ಔಷಧ. ನಾನು ಕೊಡುವುದಿಲ್ಲ, ನನ್ನ ಜೊತೆಯ ಅಂಗಡಿಯವರೂ ಕೊಡಬೇಡಿ. ಔಷಧ ನಿಯಂತ್ರಣ ಇಲಾಖೆಯವರು ಆನ್‌ಲೈನ್ ಮಾರಾಟದ ಮೇಲೂ ಕಣ್ಣಿಡಲಿ. ‘ಯೌವನ ಮರಳಿಸುತ್ತೇವೆ’ ಎನ್ನುವ ಜಾಹೀರಾತುಗಳನ್ನು ಪತ್ರಿಕೆಗಳು ತೆಗೆದುಕೊಳ್ಳದಿರಲಿ ಎಂದು ನಿಮ್ಮಲ್ಲೂ ಕೇಳಿಕೊಳ್ಳುತ್ತೇನೆ.

– ಮೆಡಿಕಲ್ ಶಾಪ್ ಮಾಲೀಕ, ಹಾಸನ