ಎಂ.ಎಸ್. ಇರುವವರು ಲಸಿಕೆ ಹಾಕಿಸಿಕೊಳ್ಳುವ ಮುನ್ನ

ಸದಸ್ಯರೆಲ್ಲರಿಗೂ ನಮಸ್ಕಾರ. ಲಸಿಕೆಯಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್., ಅಂದರೆ ನರಗಳ ಹೊದಿಕೆ ಸವೆಯುವ ಕಾಯಿಲೆ) ಉಲ್ಬಣಿಸಬಹುದೆಂಬ ಭಯದಿಂದ ಈ ವರ್ಷದ ಫ್ಲೂ ಚುಚ್ಚುಮದ್ದನ್ನು ಮುಂದೂಡುತ್ತಿರುವುದಾಗಿ ಕೆಲವರು ತಿಳಿಸಿದ್ದೀರಿ. ಆದರೆ ಕಾಯಿಲೆ ಮರುಕಳಿಸಲು ಸೋಂಕು ಕಾರಣವಾಗಬಲ್ಲದೇ ಹೊರತು, ನಿಷ್ಕ್ರಿಯಗೊಳಿಸಿದ (ಸತ್ತ ವೈರಾಣುವಿನಿಂದ ಮಾಡಿದ) ಫ್ಲೂ ಲಸಿಕೆ ಹಾಗೆ ಮಾಡುತ್ತದೆಂದು ಕಂಡುಬಂದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ತಂಗಿಗೆ ಮೂತ್ರದ ಸೋಂಕಿನಿಂದ ಜ್ವರ ಬಂದಾಗ, ಹಿಂದಿನ ಸಂಜೆ ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದಿದ್ದವಳು ಮಂಚದಿಂದ ಕಾಲು ಕೆಳಗಿಡಲಾರದೆ ಹೋದಳು. ಮೈ ಬಿಸಿಯಾದಾಗ, ಹೊದಿಕೆ ಸವೆದ ನರಗಳಲ್ಲಿ ಸಂದೇಶ ಸರಿಯಾಗಿ ಸಾಗುವುದಿಲ್ಲ. ಜ್ವರ ಇಳಿದ ಮೇಲೆ ಅವಳ ಕಾಲಿಗೆ ಬಲ ಮರಳಿತು. ಲಸಿಕೆಯ ಮಾರನೆಯ ದಿನ ಬರುವ ಸಣ್ಣ ಜ್ವರದಲ್ಲೂ ಹೀಗಾಗಬಹುದು; ಅದು ಕಾಯಿಲೆ ಮರುಕಳಿಸಿದ್ದಲ್ಲ, ಗಾಬರಿಯಾಗಬೇಡಿ.

ನಿಜವಾಗಿ ಎಚ್ಚರ ಬೇಕಿರುವುದು ಜೀವಂತ ಲಸಿಕೆಗಳ (ದುರ್ಬಲಗೊಳಿಸಿದ ಜೀವಂತ ರೋಗಾಣುಗಳಿರುವ ಲಸಿಕೆಗಳ) ವಿಷಯದಲ್ಲಿ. ರಿಟುಕ್ಸಿಮ್ಯಾಬ್, ಓಕ್ರೆಲಿಜುಮ್ಯಾಬ್, ಫಿಂಗೋಲಿಮೋಡ್‌ನಂತಹ ರೋಗನಿರೋಧಕ ಶಕ್ತಿ ತಗ್ಗಿಸುವ ಎಂ.ಎಸ್. ಔಷಧ ಪಡೆಯುತ್ತಿರುವವರು ದಡಾರ-ಮಂಗನಬಾವು-ರುಬೆಲ್ಲಾ, ಚಿಕನ್ ಪಾಕ್ಸ್, ಹಳದಿ ಜ್ವರದ ಲಸಿಕೆಗಳನ್ನು ಹಾಕಿಸಿಕೊಳ್ಳಬಾರದು. ಓಕ್ರೆಲಿಜುಮ್ಯಾಬ್ ಆರಂಭಿಸಲಿರುವವರು ಜೀವಂತ ಲಸಿಕೆಗಳನ್ನು ಕನಿಷ್ಠ 4 ವಾರ, ಉಳಿದವನ್ನು ಸಾಧ್ಯವಾದಷ್ಟು 2 ವಾರ ಮೊದಲೇ ಮುಗಿಸಿಕೊಳ್ಳಬೇಕು, ಏಕೆಂದರೆ ಈ ಔಷಧದಿಂದ ಬಿ ಕೋಶಗಳು (ಪ್ರತಿಕಾಯ ತಯಾರಿಸುವ ರಕ್ತಕಣಗಳು) ಕ್ಷೀಣಿಸಿದ ಮೇಲೆ ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಮರುಕಳಿಸಿದ ಕಾಯಿಲೆ ಇನ್ನೂ ತೀವ್ರವಾಗಿದ್ದರೆ ಲಸಿಕೆಯನ್ನು ಕೆಲವು ವಾರ ಮುಂದೂಡುವುದುಂಟು. ದಯವಿಟ್ಟು ರಕ್ತನಾಳದ ಮೂಲಕ ಔಷಧ ಹನಿಸಿದ ಕೊನೆಯ ಇನ್‌ಫ್ಯೂಷನ್‌ನ ದಿನಾಂಕವಿರುವ ಚೀಟಿಯನ್ನು ನಿಮ್ಮ ನರರೋಗ ತಜ್ಞರಿಗೆ ತೋರಿಸಿ, ಅವರನ್ನು ಕೇಳಿಯೇ ದಿನ ಗೊತ್ತುಮಾಡಿಕೊಳ್ಳಿ.